ಡಾಕ್ಟರಿಗೆ ಹೇಳದೆ ಬಿಟ್ಟ ಹದಿನೈದು ದಿನ

ರಂಜಾನ್ ಹಬ್ಬ ಕಳೆದು ಮೂರು ವಾರವಾಗಿತ್ತು. ಶಿವಾಜಿನಗರದ ದರ್ಜಿ ಅಕ್ತರ್ ಮಾಸ್ಟರ್ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಮಲಗಿಯೇ ಇದ್ದ. ಸ್ನಾನವಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಿದ್ದ. ಮಾತಾಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಇಂಥವರನ್ನು ನಮ್ಮ ಮನೆಗಳಲ್ಲಿ ಏನೆನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತು. ಸೋಮಾರಿ ಎನ್ನುತ್ತಾರೆ. ಕೊಬ್ಬು ಎನ್ನುತ್ತಾರೆ. ಅವನ ಸ್ವಭಾವವೇ ಅಷ್ಟು ಎಂದು ಹೇಳಿ ತಮ್ಮ ಪಾಡಿಗೆ ತಾವಿರುತ್ತಾರೆ. ಅಕ್ತರನಿಗೂ ಈ ಮೂರನ್ನೂ ಅಂದರು. ಅಂದವರು ಹೊರಗಿನವರಲ್ಲ.

ಅಕ್ತರನಿಗೆ ನಲವತ್ನಾಲ್ಕು ವರ್ಷ. ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಅವನ ಕೆಲಸ. ಹೊಲಿಯಲು ಮೂವರು ಕಾರಿಗರ್‌ಗಳಿದ್ದರು. ತಮ್ಮ ಫಹೀಮ್ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಅಂಗಡಿಯ ಮೇಲೆಯೇ ಮನೆ. ತಾಯಿ ಚಾಂದ್ ಬೀ, ಅಕ್ತರನ ಹೆಂಡತಿ ಶೀಬಾ, ಫಹೀಮನ ಹೆಂಡತಿ ಆಬಿದಾ, ಎಲ್ಲರೂ ಒಂದೇ ಸೂರಿನಡಿ ಇದ್ದರು.

ಆ ಓಣಿಗೆ ಚಿಕ್ಕಮುನಿಯಮ್ಮ ಆಶಾ ಕಾರ್ಯಕರ್ತೆ. ಕೋಲಾರದ ಕಡೆಯವಳು, ಬಾಯಿ ಜೋರು. ತಿಂಗಳಿಗೊಮ್ಮೆ ಬಂದು ಚಾಂದ್ ಬೀಯ ಬಿಪಿ ನೋಡಿ ಹೋಗುತ್ತಿದ್ದಳು. ಅವತ್ತೂ ಅದಕ್ಕೇ ಬಂದಳು.

"ಅಜ್ಜಿ, ಬಿಪಿ ಏರಿದೆ. ಮಾತ್ರೆ ನುಂಗ್ತಾ ಇದ್ದೀರಾ, ಇಲ್ಲ ಉಪ್ಪಿನಕಾಯಿ ನುಂಗ್ತಾ ಇದ್ದೀರಾ?"

"ಮಾತ್ರೆ ತಗೋತೀನಿ ಕಣಮ್ಮ. ನೀನು ಮೆಟ್ಲು ಹತ್ತೋ ಸದ್ದು ಕೇಳಿದ್ರೇನೇ ನನ್ ಬಿಪಿ ಏರೋದು."

ಚಿಕ್ಕಮುನಿಯಮ್ಮ ನಗುತ್ತಾ ಪಟ್ಟಿ ಬಿಚ್ಚಿದಳು. ಆಗ ಒಳಕೋಣೆಯ ಮಂಚ ಕಣ್ಣಿಗೆ ಬಿತ್ತು. "ಯಾರದು? ಮಾಸ್ಟರಾ? ಇಷ್ಟೊತ್ತಲ್ಲಿ ಯಾಕೆ ಮಲಗವ್ರೆ, ಜ್ವರಾನಾ?"

ಫಹೀಮ್ ಬಾಗಿಲಲ್ಲಿ ನಿಂತಿದ್ದ. "ಜ್ವರಾನೂ ಇಲ್ಲ, ಏನೂ ಇಲ್ಲ. ನವಾಬರು ಹಬ್ಬ ಮುಗಿಸಿ ರೆಸ್ಟ್ ತಗೋತಾ ಇದ್ದಾರೆ. ಮೂರು ವಾರ ಆಯ್ತು. ಕತ್ತರಿಸಿ ಕೊಡೋರಿಲ್ದೆ ಕೆಳಗೆ ಮಿಷನ್ ನಿಂತಿದೆ."

"ಅವನ ಸ್ವಭಾವಾನೇ ಹಂಗೆ," ಎಂದಳು ಚಾಂದ್ ಬೀ. "ಅವರಪ್ಪನೂ ಹಿಂಗೇ. ಇದ್ದಕ್ಕಿದ್ದಂಗೆ ಮುಖ ಊದಿಸ್ಕೊಂಡು ಕೂತ್ಬಿಡ್ತಿದ್ರು."

"ಸ್ವಭಾವಾನಾ? ಅಜ್ಜಿ, ನಿಮಗೆ ಬಾಯಿ ಜೋರು. ಯಾವತ್ತಿಂದ?"

"ಹುಟ್ಟಿದಾಗಿಂದ," ಎಂದ ಫಹೀಮ್.

"ನಿಮ್ ಫಹೀಮ್ ಯಾವಾಗ್ಲೂ ಗೊಣಗ್ತಾನೆ. ಯಾವತ್ತಿಂದ?"

"ಹೊಟ್ಟೇಲಿದ್ದಾಗಿಂದ," ಎಂದಳು ಚಾಂದ್ ಬೀ.

"ನೋಡಿ, ಅದು ಸ್ವಭಾವ. ಹಬ್ಬದ ದಿನಾನೂ ಇರುತ್ತೆ, ಸಾವಿನ ಮನೇಲೂ ಇರುತ್ತೆ. ಮಾಸ್ಟರ್ ಹುಟ್ಟಿದಾಗಿಂದ ಗೋಡೆ ನೋಡ್ಕೊಂಡೇ ಮಲಗಿದ್ರಾ? ಈ ಓಣೀಲಿ ನನ್ನ ನೋಡಿದ್ರೆ ನಗ್ತಾ ಮಾತಾಡೋರು ಅವರೊಬ್ರೇ. ಮಿಕ್ಕೋರೆಲ್ಲ ಇಂಜೆಕ್ಷನ್ ಅಂತ ಬಾಗಿಲು ಹಾಕ್ಕೋತಾರೆ. ಮನುಷ್ಯ ತನ್ನ ಥರ ತಾನಿಲ್ಲ ಅಂದ್ರೆ ಅದನ್ನ ಸ್ವಭಾವ ಅಂತೀರಾ?"

ಅವಳು ಎದ್ದು ಹೋಗಿ ಮಂಚದ ಅಂಚಿನಲ್ಲಿ ಕುಳಿತಳು. ಶೀಬಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಪಕ್ಕಕ್ಕೆ ಬಂದಳು.

"ಮಾಸ್ಟರ್, ನಾನು ಮುನಿಯಮ್ಮ. ನಿದ್ದೆ ಬರುತ್ತಾ?"

ಚಿಕ್ಕಮುನಿಯಮ್ಮ ಕಾದಳು.

"ಮೂರು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ಇಲ್ಲ."

"ಕತ್ತರಿ ಹಿಡಿಯೋಕೆ ಮನಸ್ಸಾಗಲ್ವಾ?"

"ಈ ಕೈ ನಂದಲ್ಲ ಅನ್ಸುತ್ತೆ ಅಕ್ಕ."

"ಸಾಯ್ಬೇಕು ಅನ್ಸುತ್ತಾ?"

"ತೌಬಾ ತೌಬಾ!" ಚಾಂದ್ ಬೀ ಬಾಗಿಲಿನಿಂದ ಕೂಗಿದಳು. "ಏನಂತ ಕೇಳ್ತಾ ಇದ್ದೀಯೇ? ಇಲ್ಲದ್ದನ್ನ ನನ್ ಮಗನ ತಲೆಗೆ ತುಂಬಬೇಡ. ಎದ್ದೇಳು ಅಲ್ಲಿಂದ."

ಆ ಗದ್ದಲದ ನಡುವೆಯೇ ಅಕ್ತರ್ ಹೇಳಿದ. ಗಟ್ಟಿಯಾಗಿ ಹೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

"ದಿನಾ."

ಚಾಂದ್ ಬೀ ಬಾಗಿಲಲ್ಲೇ ಕುಳಿತುಬಿಟ್ಟಳು. ಮೂರು ವಾರ ಅದೇ ಕೋಣೆಯಲ್ಲಿ ಓಡಾಡಿದವರು, ಅದೇ ಮಂಚದ ಕೆಳಗೆ ಕಸ ಗುಡಿಸಿದವರು, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಅದು ಸುಳ್ಳು. ಯೋಚನೆ ಆಗಲೇ ಒಳಗೆ ಬಂದು ಕೂತಿರುತ್ತದೆ. ಕೇಳಿದರೆ ಅದನ್ನು ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ.

ಚಿಕ್ಕಮುನಿಯಮ್ಮನ ದನಿ ಈಗ ಇಳಿದಿತ್ತು. "ಹೇಳಿದ್ರಲ್ಲ, ಒಳ್ಳೇದಾಯ್ತು ಮಾಸ್ಟರ್. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ. ಶೀಬಾ, ಅಲ್ಲೀವರೆಗೂ ಒಂದ್ ನಿಮಿಷ ಒಬ್ಬರನ್ನೇ ಬಿಡಬೇಡ. ಕತ್ತರಿ, ಮಾತ್ರೆ, ಕೈಗೆ ಸಿಗಬಾರದ್ದೆಲ್ಲ ಬೀರುಗೆ ಹಾಕಿ ಬೀಗ ಹಾಕು."

"ಆಸ್ಪತ್ರೆ ಯಾಕೆ?" ಎಂದ ಫಹೀಮ್. "ಆಬಿದಾಗೂ ಹಿಂಗೇ ಆಗಿತ್ತಲ್ಲ, ಅವರಮ್ಮ ತೀರಿಕೊಂಡಾಗ. ಆರು ತಿಂಗಳು ಅಳ್ತಾನೇ ಇದ್ಲು. ಮಾತ್ರೆ ಕೊಟ್ರು, ಸರಿಹೋಯ್ತು. ಆ ಮಾತ್ರೆ ಇನ್ನೂ ಒಂದು ಹಾಳೆ ಉಳಿದಿದೆ. ಅದನ್ನೇ ಕೊಟ್ರಾಯ್ತು. ಹುಚ್ಚರ ಡಾಕ್ಟರ್ ಹತ್ರ ಹೋದ್ರೆ ಬಜಾರಲ್ಲಿ ತಲೆ ಎತ್ಕೊಂಡು ತಿರುಗೋ ಹಾಗಿಲ್ಲ."

ಅಡುಗೆಮನೆಯಿಂದ ಆಬಿದಾ ಬಂದಳು. "ನಾನು ಹೋಗಿದ್ದು ಅದೇ ಡಾಕ್ಟರ್ ಹತ್ರಾನೇ. ನಾನೇನು ಹುಚ್ಚಿನಾ? ನನ್ ಮಾತ್ರೆ ನನಗೆ ಅಂತ ನೋಡಿ ಬರೆದಿದ್ದು. ಭಾಯ್‌ಗೆ ಕೊಡಬೇಡಿ."

"ದರ್ಜಿ ಅಂಗಡಿಯೋನು ಆಡೋ ಮಾತಾ ಇದು ಫಹೀಮ್?" ಚಿಕ್ಕಮುನಿಯಮ್ಮ ತಿರುಗಿ ಬಿದ್ದಳು. "ಒಬ್ಬರ ಅಳತೆಗೆ ಹೊಲಿದ ಕುರ್ತಾ ಇನ್ನೊಬ್ಬರಿಗೆ ಹಾಕಿ ಕಳಿಸ್ತೀಯಾ? ನಾಳೆ ಒಂಬತ್ತು ಗಂಟೆಗೆ ಆಟೋ ನಿಲ್ಸು. ಬೇಡ ಅಂದ್ರೆ ಹೇಳು, ಇಲ್ಲೇ ಕೂತ್ಕೋತೀನಿ. ರಾತ್ರಿ ಊಟಾನೂ ಇಲ್ಲೇ."

"ಬೇಡ ಬೇಡ, ಆಟೋ ನಿಲ್ಲಿಸ್ತೀನಿ," ಎಂದ ಫಹೀಮ್.

ಮರುದಿನ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ನಾಲ್ವರೂ ಕೂತರು: ಅಕ್ತರ್, ಶೀಬಾ, ಫಹೀಮ್, ಚಿಕ್ಕಮುನಿಯಮ್ಮ. ಫಹೀಮ್ ಕರ್ಚೀಫಿನಲ್ಲಿ ಮುಖ ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದ. ಅವನ ಪಕ್ಕದ ಬೆಂಚಿನಲ್ಲಿ ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬಳು ಕಾಲೇಜು ಹುಡುಗಿ, ಮಗುವನ್ನೆತ್ತಿಕೊಂಡ ತಾಯಿ ಇದ್ದರು. ಹುಚ್ಚರು ಯಾರೂ ಅವನಿಗೆ ಕಾಣಿಸಲಿಲ್ಲ.

ಕುಟುಂಬದವರು ಬನ್ನಿ ಎಂದಾಗ ಮೂವರೇ ಒಳಗೆ ಹೋದರು. ಚಿಕ್ಕಮುನಿಯಮ್ಮ ಹೊರಗೆ ಉಳಿದಳು. ಡಾಕ್ಟರ್ ಇಂಚರಾ ಚಿಕ್ಕ ವಯಸ್ಸಿನವರು. ಅವಸರ ಮಾಡದೆ ಕೇಳಿದರು. ಊಟ, ನಿದ್ದೆ, ಕೆಲಸ, ಕುಡಿತ, ಬೇರೆ ಕಾಯಿಲೆ, ತಂದೆಯ ಕಡೆಯವರ ವಿಷಯ, ಸಾಯುವ ಯೋಚನೆ, ಎಲ್ಲವನ್ನೂ ಕೇಳಿ ಬರೆದುಕೊಂಡರು. ಆಮೇಲೆ ಕೇಳಿದರು:

"ಇದಕ್ಕೆ ಮುಂಚೆ ಯಾವತ್ತಾದ್ರೂ ಇದರ ಉಲ್ಟಾ ಆಗಿತ್ತಾ? ನಿದ್ದೆ ಇಲ್ದೇ ಹೋದ್ರೂ ಸುಸ್ತಾಗದೆ ಇರೋದು, ಮಾತು ಜಾಸ್ತಿ, ಖುಷಿ ಜಾಸ್ತಿ, ದೊಡ್ಡ ದೊಡ್ಡ ಪ್ಲಾನು, ತಡೆದ್ರೆ ಸಿಟ್ಟು?"

ಅಕ್ತರ್ ನೆಲ ನೋಡಿದ. ಶೀಬಾ ಮೈದುನನನ್ನು ನೋಡಿದಳು.

"ಇಲ್ಲ ಮೇಡಂ," ಎಂದ ಫಹೀಮ್. "ನಮ್ಮಣ್ಣ ತುಂಬಾ ಸಾಧು."

"ಯೋಚ್ನೆ ಮಾಡಿ ಹೇಳಿ. ಇದ್ದಿದ್ರೆ ಔಷಧಿನೇ ಬೇರೆ ಆಗುತ್ತೆ."

"ಇಲ್ಲ ಅಂದ್ನಲ್ಲ ಮೇಡಂ."

ಫಹೀಮ್ ಹೇಳಿದ್ದು ಸುಳ್ಳು.

ರಂಜಾನ್ ತಿಂಗಳಲ್ಲಿ ಶಿವಾಜಿನಗರ ಮಲಗುವುದಿಲ್ಲ. ದರ್ಜಿ ಅಂಗಡಿಗಳು ಬೆಳಗಿನ ಜಾವದವರೆಗೂ ತೆರೆದಿರುತ್ತವೆ. ಅಂಥ ಕಡೆ ಒಬ್ಬ ದರ್ಜಿ ನಿದ್ದೆ ಮಾಡಲಿಲ್ಲ ಎಂದರೆ ಯಾರು ಗಮನಿಸುತ್ತಾರೆ? ಮಿಕ್ಕವರು ಬೆಳಗಿನ ನಮಾಜು ಮುಗಿಸಿ ಮಲಗಿ ಹತ್ತು ಗಂಟೆಗೆ ಏಳುತ್ತಿದ್ದರು. ಅಕ್ತರ್ ಆಗಲೂ ಮಲಗುತ್ತಿರಲಿಲ್ಲ. ಹದಿನೈದನೆಯ ಉಪವಾಸದಿಂದ ಹಬ್ಬದವರೆಗೆ ಹದಿನೈದು ದಿನ, ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಅವನು ಕಣ್ಣು ಮುಚ್ಚಿರಲಿಲ್ಲ. ಆದರೂ ಆಯಾಸವಿರಲಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು. ದುಬೈಯಲ್ಲಿ ಅಂಗಡಿ ತೆಗೆಯುತ್ತೇನೆ ಎಂದ. ಕಲ್ಯಾಣ ನಗರದಲ್ಲಿ ಮೂರು ಮಹಡಿ ಶೋರೂಮು ಎಂದ. ಹೌದಾ ಎಂದು ನಕ್ಕವರ ಮೇಲೆ ರೇಗಿದ.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಆ ಬೀದಿಯ ದರ್ಜಿಗಳು 'ಬುಕಿಂಗ್ ಬಂದ್' ಎಂದು ಬೋರ್ಡು ತೂಗುಹಾಕುತ್ತಾರೆ. ಕೈಯಲ್ಲಿರುವ ಬಟ್ಟೆ ಮುಗಿಯಬೇಕಲ್ಲ. ಅಕ್ತರ್ ಆ ಬೋರ್ಡನ್ನು ಕಿತ್ತು ಚರಂಡಿಗೆಸೆದ. ಬಂದವರ ಬಟ್ಟೆಯನ್ನೆಲ್ಲ ತೆಗೆದುಕೊಂಡ. ಟೇಪನ್ನು ಮೂಲೆಗೆ ಹಾಕಿ, "ನನ್ ಕಣ್ಣೇ ಟೇಪು" ಎಂದ. ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕತ್ತರಿ ಆಡಿಸಿದ. ನಾಲ್ಕು ದಿನದಲ್ಲಿ ಅರವತ್ತೆರಡು ಜನರ ಬಟ್ಟೆ.

ಕಾರಿಗರ್‌ಗಳು ಉಸ್ತಾದನ ಕೈಚಳಕ ಎಂದರು. ತಾಯಿ ರಂಜಾನಿನ ಬರ್ಕತ್, ದೇವರ ಕೃಪೆ ಎಂದಳು. ಫಹೀಮ್ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಹಬ್ಬದ ಹಿಂದಿನ ದಿನ ಗಿರಾಕಿಗಳು ಬಟ್ಟೆ ಹಾಕಿ ನೋಡಿದರು. ಒಬ್ಬನ ತೋಳು ಮೊಣಕೈಗೇ ನಿಂತಿತ್ತು, ಇನ್ನೊಬ್ಬನ ಕಾಲರು ಕಿವಿ ಮುಟ್ಟುತ್ತಿತ್ತು. ಅಂಗಡಿಯ ಮುಂದೆ ದೊಡ್ಡ ಗಲಾಟೆಯಾಯಿತು. ಅಣ್ಣನ ಹೆಸರು ಉಳಿಸಲು ಫಹೀಮ್ ಎಲ್ಲರೆದುರು ಹಿರಿಯ ಕಾರಿಗರ್ ರಿಜ್ವಾನನ ಮೇಲೆ ತಪ್ಪು ಹೊರಿಸಿದ. ಇಪ್ಪತ್ತು ವರ್ಷ ಆ ಅಂಗಡಿಯಲ್ಲೇ ಗಡ್ಡ ಬೆಳ್ಳಗಾದವನು ತನ್ನ ಚೀಲ ಎತ್ತಿಕೊಂಡು ಹೊರಟುಹೋದ. ಹಬ್ಬ ಕಳೆದು ಎರಡನೆಯ ದಿನ ಅಕ್ತರ್ ಮಲಗಿದ.

ಇದೆಲ್ಲ ಡಾಕ್ಟರಿಗೆ ಗೊತ್ತಿಲ್ಲ. ಹೇಳದೆ ಇದ್ದದ್ದನ್ನು ಅವರು ಎಲ್ಲಿಂದ ತಿಳಿಯಬೇಕು? ಇದು ಖಿನ್ನತೆಯಂತೆ ಕಾಣುತ್ತದೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಒಂಟಿಯಾಗಿ ಬಿಡಬೇಡಿ, ಐದು ದಿನಕ್ಕೆ ಮತ್ತೆ ಬನ್ನಿ ಎಂದರು.

ಔಷಧಿ ಕೊಡುವ ಕಿಟಕಿಯ ಮುಂದೆ ಉದ್ದ ಸಾಲಿತ್ತು. ಫಹೀಮ್ ಚೀಟಿ ಓದಿ ಗೆದ್ದವನ ಹಾಗೆ ಬೀಗಿದ. "ಆಬಿದಾ ಮಾತ್ರೆ ಹೆಸರೇ ಇದು! ನಾನು ಹೇಳ್ಲಿಲ್ವಾ? ಇದಕ್ಕೆ ಅರ್ಧ ದಿನ ಹಾಳು."

ಶೀಬಾ ಆ ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಇದ್ದಿದ್ದರೆ ಔಷಧಿಯೇ ಬೇರೆ ಎಂದು ಡಾಕ್ಟರ್ ಹೇಳಿದ ಮಾತು ಅವಳ ಕಿವಿಯಲ್ಲಿತ್ತು.

"ಫಹೀಮ್, ಆಬಿದಾ ಅಮ್ಮ ಹೋದಾಗ ಅತ್ಲು, ಮಲಗಿದ್ಲು. ಅದಕ್ಕೆ ಮುಂಚೆಯಾಗ್ಲಿ ಆಮೇಲಾಗ್ಲಿ ಯಾವತ್ತಾದ್ರೂ ನಿದ್ದೆ ಬಿಟ್ಟು ಕುಣಿದಿದ್ಲಾ?"

"ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಡಾಕ್ಟರ್ ಕೇಳಿದ್ದು ಅದನ್ನೇ. ಎರಡು ಸಲ ಕೇಳಿದ್ರು. ನಾವು ಇಲ್ಲ ಅಂದ್ವಿ."

"ಭಾಬಿ, ಅದು ಕಾಯಿಲೆ ಅಲ್ಲ, ಜೋಶ್! ಅವಾಗ ಅಣ್ಣ ಎಷ್ಟು ಚೆನ್ನಾಗಿದ್ದ. ಚೆನ್ನಾಗಿದ್ದಿದ್ದನ್ನ ಡಾಕ್ಟರಿಗೆ ಯಾರಾದ್ರೂ ಹೇಳ್ತಾರಾ? ಹೇಳಿದ್ರೆ ಆ ಬಟ್ಟೆ ಕಥೇನೂ ಹೇಳ್ಬೇಕು. ರಿಜ್ವಾನ್ ಕಥೇನೂ ಹೇಳ್ಬೇಕು. ಅಂಗಡಿ ಮರ್ಯಾದೆ ಏನಾಗುತ್ತೆ?"

ಚಿಕ್ಕಮುನಿಯಮ್ಮ ಮುಖ ನೋಡುತ್ತಾ ನಿಂತಿದ್ದಳು. "ಯಾವ ಬಟ್ಟೆ? ಏನ್ ಕಥೆ?"

ಬೆಂಚಿನ ಮೇಲೆ ಅಕ್ತರ್ ತಲೆ ತಗ್ಗಿಸಿ ಕೂತಿದ್ದ. ಶೀಬಾ ಒಮ್ಮೆ ಅವನನ್ನು ನೋಡಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷ ಮೈದುನನಿಗೆ ಒಂದು ದಿನವೂ ಎದುರುತ್ತರ ಕೊಟ್ಟವಳಲ್ಲ.

"ದಿನಾ ಅಂದ್ರು ಅವರು," ಎಂದಳು. "ನಿನ್ ಮರ್ಯಾದೆ ನೀನೇ ಇಟ್ಕೋ. ನಂಗೆ ನನ್ ಗಂಡ ಬೇಕು."

ಅವಳು ಸಾಲು ಬಿಟ್ಟು ಹೊರಟಳು. ಚಿಕ್ಕಮುನಿಯಮ್ಮ ಅಕ್ತರನ ತೋಳು ಹಿಡಿದು ಎಬ್ಬಿಸಿದಳು. ಡಾಕ್ಟರ್ ಕೋಣೆಯ ಬಾಗಿಲಲ್ಲಿ ಇನ್ನೊಬ್ಬರ ಸರದಿ ಇತ್ತು. ಶೀಬಾ ಅಲ್ಲಿಂದಲೇ ಹೇಳಿದಳು: "ಮೇಡಂ, ನಾವು ಸುಳ್ಳು ಹೇಳಿದ್ವಿ. ಹದಿನೈದು ದಿನದ ಕಥೆ ಮುಚ್ಚಿಟ್ಟು ಹೇಳಿದ್ವಿ."

ಡಾಕ್ಟರ್ ಬೈಯಲಿಲ್ಲ. ಒಳಗೆ ಕೂರಿಸಿಕೊಂಡು ಮೊದಲಿನಿಂದ ಕೇಳಿದರು. ಶೀಬಾ ಬೋರ್ಡು, ಟೇಪು, ಅರವತ್ತೆರಡು ಬಟ್ಟೆ, ದುಬೈ, ಆಬಿದಾಳ ಅಳು, ಅವಳ ಮಾತ್ರೆ ಎಲ್ಲವನ್ನೂ ಹೇಳಿದಳು. ಒಂಬತ್ತು ವರ್ಷದ ಹಿಂದೆ ಒಂದೇ ವಾರದಲ್ಲಿ ಅಂಗಡಿಗೆ ಮೂರು ಸಲ ಬಣ್ಣ ಹೊಡೆಸಿದ್ದನ್ನು, ಆಮೇಲೆ ಎರಡು ತಿಂಗಳು ಹೀಗೇ ಮಲಗಿದ್ದನ್ನೂ ಹೇಳಿದಳು. ಹಿಂದೆಯೇ ಬಂದ ಫಹೀಮ್ ಗೋಡೆಗೊರಗಿ ನಿಂತಿದ್ದ.

ಡಾಕ್ಟರ್ ತಾವು ಬರೆದ ಚೀಟಿಯನ್ನು ವಾಪಸು ತೆಗೆದುಕೊಂಡು ಹರಿದರು.

"ನೀವು ವಾಪಸ್ ಬಂದಿದ್ದು ಬಹಳ ಒಳ್ಳೇದಾಯ್ತಮ್ಮ. ಬರೀ ಇಳಿಯೋದಾದ್ರೆ ಅದು ಖಿನ್ನತೆ. ನಿಮ್ ಓರಗಿತ್ತಿಗೆ ಆಗಿದ್ದು ಅದೇ ಅಂತ ಕಾಣುತ್ತೆ. ಒಂದ್ಸಲ ಮಿತಿ ಮೀರಿ ಏರಿ, ಇನ್ನೊಂದ್ಸಲ ಹಿಂಗೆ ಇಳಿದ್ರೆ ಅದು ಬೇರೆ ಕಾಯಿಲೆ. ಬೈಪೋಲಾರ್ ಅಂತೀವಿ. ಇಳಿದಾಗ ಎರಡೂ ಒಂದೇ ಥರ ಕಾಣುತ್ತೆ. ಏರಿದಾಗಿನ ಕಥೆ ಮನೆಯೋರು ಹೇಳಿದ್ರೆ ಮಾತ್ರ ನಮಗೆ ಗೊತ್ತಾಗೋದು."

"ಮಾತ್ರೆ ಅದೇ ಕೊಟ್ಟಿದ್ರೆ ಏನಾಗ್ತಿತ್ತು ಮೇಡಂ?" ಫಹೀಮನ ದನಿ ಸಣ್ಣಗಿತ್ತು.

"ಅದೊಂದನ್ನೇ ಕೊಟ್ರೆ ಕೆಲವರು ಮತ್ತೆ ಆ ಹದಿನೈದು ದಿನದ ಥರ ಏರಿಬಿಡ್ತಾರೆ. ಇನ್ನೂ ಜಾಸ್ತೀನೂ ಆಗ್ಬಹುದು. ಇವರಿಗೆ ಎರಡೂ ಕಡೆ ಹಿಡಿದಿಡೋ ಔಷಧಿ ಬೇಕು. ಒಂದೇ ದಿನದಲ್ಲಿ ಹೆಸರಿಟ್ಟು ಮುಗಿಸೋಲ್ಲ ನಾನು. ಥೈರಾಯ್ಡ್, ಕಿಡ್ನಿ, ರಕ್ತ ಎಲ್ಲ ನೋಡ್ಬೇಕು. ಸಾಯೋ ಯೋಚ್ನೆ ದಿನಾ ಬರ್ತಾ ಇದೆಯಲ್ಲ, ಕೆಲವು ದಿನ ಇಲ್ಲೇ ಇದ್ರೆ ಒಳ್ಳೇದು."

ಆಗ ಅಕ್ತರ್ ತಲೆ ಎತ್ತಿದ. ಅವತ್ತು ಅವನು ತಾನಾಗಿ ಆಡಿದ ಮೊದಲ ಮಾತು ಅದು.

"ಆ ಹದಿನೈದು ದಿನ ಮಾತ್ರ ನಾನು ಚೆನ್ನಾಗಿದ್ದೆ ಮೇಡಂ. ಅದೂ ಕಾಯಿಲೆ ಅಂದ್ಬಿಟ್ರೆ, ನಂದು ಅಂತ ಏನು ಉಳೀತು?"

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಎಷ್ಟು ವರ್ಷದಿಂದ ಕತ್ತರಿಸ್ತಾ ಇದ್ದೀರಿ?"

"ಇಪ್ಪತ್ತೈದು."

"ಟೇಪ್ ಹಿಡಿದು, ಅಳತೆ ಬರ್ಕೊಂಡು?"

"ಹೌದು ಮೇಡಂ. ಎರಡು ಸಲ ಅಳೀತೀನಿ."

"ಅದು ನಿಮ್ದು. ಆ ತಾಳ್ಮೆ ನಿಮ್ ಸ್ವಭಾವ. ಟೇಪ್ ಎಸೆದಿದ್ದು ಕಾಯಿಲೆ. ಈಗ ಮಲಗಿರೋದೂ ಕಾಯಿಲೆ. ನಾವು ಔಷಧಿ ಕೊಡೋದು ಆ ಎರಡಕ್ಕೆ. ಸ್ವಭಾವ ಕಿತ್ಕೊಳ್ಳೋಕೆ ಅಲ್ಲ."

ಅಕ್ತರ್ ಬಹಳ ಹೊತ್ತು ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ, "ಇಲ್ಲೇ ಇರ್ತೀನಿ," ಎಂದ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮೊದಲ ತಿಂಗಳು ಕೈ ಸಣ್ಣಗೆ ನಡುಗುತ್ತಿತ್ತು, ಬಾಯಾರಿಕೆ ಹೆಚ್ಚು. ಈ ಮಾತ್ರೆಯಿಂದಲೇ ಮಗ ಹಾಳಾದ, ನಿಲ್ಲಿಸಿ ಎಂದು ಚಾಂದ್ ಬೀ ಹಟ ಹಿಡಿದಳು. ಚಿಕ್ಕಮುನಿಯಮ್ಮ ಬಂದು ಅವಳೆದುರು ಕೂತಳು.

"ಅಜ್ಜಿ, ನಿಮ್ ಬಿಪಿ ಮಾತ್ರೆ ಎಷ್ಟು ವರ್ಷ ಆಯ್ತು?"

"ಹನ್ನೆರಡು."

"ಬಿಪಿ ಇಳಿದ ದಿನ ನಿಲ್ಲಿಸಿಬಿಟ್ರಾ?"

"ಒಂದ್ಸಲ ನಿಲ್ಸಿದ್ದೆ. ತಲೆ ತಿರುಗಿ ಬಿದ್ದೆ."

"ನೀವು ಬಿದ್ರೆ ಎತ್ಬಹುದು. ಇವರು ಬಿದ್ರೆ ಎತ್ತೋಕಾಗುತ್ತಾ? ಕೈ ನಡುಗೋದನ್ನ ಡಾಕ್ಟರಿಗೆ ಹೇಳಿ, ಅವರು ಅಳತೆ ಸರಿಮಾಡ್ತಾರೆ. ನೀವೇ ಡಾಕ್ಟರಾಗ್ಬೇಡಿ."

"ನಾನು ದುವಾ ಮಾಡ್ತೀನಿ."

"ಮಾಡಿ. ನಂಗೂ ಸೇರಿಸಿ ಮಾಡಿ. ಮಾತ್ರೆನೂ ಕೊಡಿ."

ಡಾಕ್ಟರ್ ಮಾತ್ರೆಯ ಪ್ರಮಾಣ ಬದಲಿಸಿದರು. ನಡುಕ ಕಡಿಮೆಯಾಯಿತು. ಮೂರನೆಯ ತಿಂಗಳು ಅಕ್ತರ್ ಕೆಳಗಿಳಿದು ಕತ್ತರಿಸುವ ಮೇಜಿನ ಮುಂದೆ ನಿಂತ. ಮೊದಲ ದಿನ ಒಂದೇ ಕುರ್ತಾ. ಎರಡು ಸಲ ಅಳತೆ ತೆಗೆದ.

ಆ ವಾರ ಫಹೀಮ್ ಕಲ್ಯಾಣ ನಗರಕ್ಕೆ ಹೋದ. ರಿಜ್ವಾನ್ ಅಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಹೊಲಿಯುತ್ತಿದ್ದ. ಫಹೀಮನಿಗೆ ಮಾತು ಸುಲಭಕ್ಕೆ ಬರಲಿಲ್ಲ. ತಪ್ಪು ನಿಮ್ಮದಲ್ಲ, ಅಣ್ಣನಿಗೆ ಹುಷಾರಿರಲಿಲ್ಲ, ಗೊತ್ತಾಗದೆ ನಿಮ್ಮ ಮೇಲೆ ಹಾಕಿದೆ ಎಂದ. ರಿಜ್ವಾನ್ ಮಿಷನ್ ನಿಲ್ಲಿಸಿದ.

"ನಿಂಗೆ ಗೊತ್ತಾಗ್ಲಿಲ್ಲ ಫಹೀಮ್. ನಂಗೆ ಗೊತ್ತಾಗಿತ್ತು. ಎರಡನೇ ದಿನಾನೇ ಗೊತ್ತಾಗಿತ್ತು. ಮಾಸ್ಟರ್ ಟೇಪ್ ಇಲ್ದೆ ಕತ್ತರಿ ಮುಟ್ಟೋ ಮನುಷ್ಯ ಅಲ್ಲ. ಉಸ್ತಾದ್‌ಗೆ ನಿಮಗೆ ಹುಷಾರಿಲ್ಲ ಅಂತ ಹೆಂಗೆ ಹೇಳೋದು ಅಂತ ಸುಮ್ನಿದ್ದೆ. ಕತ್ತರಿಸಿ ಕೊಟ್ಟಿದ್ದನ್ನ ಹೊಲೀತಾ ಹೋದೆ. ನಾನೂ ತಪ್ಪು ಮಾಡಿದೆ."

ತಿಂಗಳ ಕೊನೆಗೆ ರಿಜ್ವಾನ್ ಹಳೆಯ ಅಂಗಡಿಗೆ ವಾಪಸು ಬಂದ.

ಮುಂದಿನ ರಂಜಾನಿಗೆ ಎರಡು ವಾರ ಮೊದಲೇ ಶೀಬಾ ಮತ್ತು ಅಕ್ತರ್ ಡಾಕ್ಟರನ್ನು ಕಂಡರು. ಈ ಮಾತ್ರೆ ತೆಗೆದುಕೊಳ್ಳುವಾಗ ದಿನವಿಡೀ ನೀರು ಬಿಡುವುದು ಅಪಾಯ, ನಿದ್ದೆ ಕೆಡುವುದೂ ಅಪಾಯ ಎಂದು ಡಾಕ್ಟರ್ ಹೇಳಿದರು. ಅಕ್ತರ್ ಕೊರಗಿದ. ಹದಿಮೂರನೆಯ ವಯಸ್ಸಿನಿಂದ ಒಂದು ಉಪವಾಸವನ್ನೂ ಬಿಟ್ಟವನಲ್ಲ. ತೀರ್ಮಾನ ಮಾಡಿದ್ದು ಚಾಂದ್ ಬೀ. "ಹುಷಾರಿಲ್ಲದೋರಿಗೆ ಮಾಫಿ ಇದೆ. ಉಪವಾಸ ಕೊಟ್ಟೋನೇ ಮಾಫ್ ಮಾಡಿರೋವಾಗ ನೀನ್ಯಾರು ಹಟ ಮಾಡೋಕೆ? ನೀರು ಕುಡಿ. ಹತ್ತು ಗಂಟೆಗೆ ಮಲಕ್ಕೋ." ಬೀದಿಯೆಲ್ಲ ಎಚ್ಚರವಿರುವಾಗ ಮಗನ ಕೋಣೆಯ ಕಿಟಕಿ ಮುಚ್ಚಿ, ಹೊರಗೆ ಕುರ್ಚಿ ಹಾಕಿಕೊಂಡು ಅವಳೇ ಕಾವಲು ಕೂತಳು.

ಹನ್ನೆರಡನೆಯ ಉಪವಾಸದ ಮಧ್ಯಾಹ್ನ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹತ್ತು ಹದಿನೈದು ಗಿರಾಕಿಗಳು ಬಟ್ಟೆ ಹಿಡಿದು ನಿಂತಿದ್ದರು. ಅಕ್ತರ್ ಕತ್ತರಿಯನ್ನು ಮೇಜಿನ ಮೇಲಿಟ್ಟ.

"ಫಹೀಮ್, ಎರಡು ರಾತ್ರಿಯಿಂದ ನಂಗೆ ನಿದ್ದೆ ಬೇಡ ಅನ್ಸ್ತಾ ಇದೆ. ಸುಮ್ನೆ ಕಣ್ಣು ಮುಚ್ಕೊಂಡು ಮಲಗಿರ್ತೀನಿ. ಸುಸ್ತೇ ಇಲ್ಲ. ತುಂಬಾ ಖುಷಿಯಾಗಿದ್ದೀನಿ." ಟೇಪನ್ನು ಸುತ್ತಿ ತಮ್ಮನ ಕೈಗೆ ಕೊಟ್ಟ. "ನಂಗೆ ಭಯ ಆಗ್ತಾ ಇದೆ ಕಣೋ."

ಒಂದು ವರ್ಷದ ಹಿಂದಿನ ಫಹೀಮ್ ಆಗಿದ್ದರೆ ಶ್ಶ್ ಎನ್ನುತ್ತಿದ್ದ. ಗಿರಾಕಿ ಹೋಗಲಿ ಎನ್ನುತ್ತಿದ್ದ. ಈ ಫಹೀಮ್ ಎದ್ದು ಶಟರಿನ ಕೊಕ್ಕೆ ಕೈಗೆತ್ತಿಕೊಂಡ.

"ಎಲ್ಲರೂ ನಾಳೆ ಬನ್ನಿ. ಅಂಗಡಿ ಬಂದ್."

"ಏನ್ ಗುರು, ಸೀಸನ್‌ನಲ್ಲಿ ಬಂದ್ ಅಂತೀಯ? ಏನಾಯ್ತು?"

"ನಮ್ಮಣ್ಣನಿಗೆ ಮನಸ್ಸಿನ ಕಾಯಿಲೆ ಇದೆ," ಎಂದ ಫಹೀಮ್, ಅಷ್ಟೂ ಜನರ ಮುಂದೆ. "ಔಷಧಿ ನಡೀತಾ ಇದೆ. ಈಗ ಡಾಕ್ಟರನ್ನ ನೋಡ್ಬೇಕು, ನಾಳೆ ಅಲ್ಲ. ರಿಜ್ವಾನ್ ಭಾಯ್, ಆಟೋ ಕರೀರಿ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾರಿ ಬಿಟ್ಟರು. ಅವತ್ತು ಮಾತ್ರೆ ಸ್ವಲ್ಪ ಬದಲಾಯಿತು. ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ಅಕ್ತರ್ ಎಂಟು ಗಂಟೆ ನಿದ್ದೆ ಮಾಡಿ ಎದ್ದ.

ಓದುವವರೇ, ಕೇಳುವವರೇ, ನಿಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಿ. ಮುಂಗೋಪ, ನಾಚಿಕೆ, ಗೊಣಗಾಟ, ಜಾಸ್ತಿ ಮಾತು, ಇವು ಹುಟ್ಟಿನಿಂದ ಇದ್ದರೆ ಸ್ವಭಾವ. ಅದರೊಂದಿಗೆ ಬಾಳುತ್ತೇವೆ, ಬೈದುಕೊಳ್ಳುತ್ತೇವೆ. ಮನುಷ್ಯನೊಬ್ಬ ಎರಡು ವಾರದಿಂದ ತನ್ನಂತೆ ತಾನಿಲ್ಲದಿದ್ದರೆ ಅವನಿಗೆ ಬುದ್ಧಿ ಹೇಳಲು ಹೋಗಬೇಡಿ, ಕರೆದುಕೊಂಡು ಹೋಗಿ. ನಿದ್ದೆ ಬಿಟ್ಟು, ಎಲ್ಲೆ ಮೀರಿ ಕುಣಿಯುತ್ತಿದ್ದರೆ ಒಂದು ವಾರವೂ ಕಾಯಬೇಡಿ. ಡಾಕ್ಟರ ಮುಂದೆ ಅತ್ತ ದಿನಗಳನ್ನು ಹೇಳುವಂತೆ ಕುಣಿದ ದಿನಗಳನ್ನೂ ಹೇಳಿ, ಮರ್ಯಾದೆ ಹೋದ ದಿನಗಳನ್ನೂ ಹೇಳಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ. ಚೆನ್ನಾಗಿದ್ದೇನೆ ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಉಪವಾಸ ಯಾವ ಧರ್ಮದ್ದೇ ಆಗಲಿ, ಹಿಡಿಯುವ ಮೊದಲು ಡಾಕ್ಟರನ್ನು ಕೇಳಿ.

ಯಾರಾದರೂ ಸಾಯುವ ಮಾತಾಡಿದರೆ, ಅಥವಾ ಆಡುತ್ತಿಲ್ಲ ಆದರೆ ನಿಮಗೆ ಅನುಮಾನವಿದ್ದರೆ, ನೇರವಾಗಿ ಕೇಳಿ. ಜೊತೆಯಲ್ಲೇ ಇರಿ. ೧೪೪೧೬ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜನ ಏನಂತಾರೋ ಎಂದು ಹಿಂಜರಿಯಬೇಡಿ. ನಿಮ್ಮ ಮನೆಯವರು ಉಳಿಯಬೇಕು. ಜನ ಅಂದುಕೊಳ್ಳುವುದನ್ನು ಅಂದುಕೊಳ್ಳಲಿ.